ಪಿತ್ತಕೋಶದ ಕಲ್ಲು: ಭಯವೂ ಸಲ್ಲದು, ಉಪೇಕ್ಷೆಯೂ ಸಲ್ಲದು

ಯಕೃತ್ತಿನ ಅಡಿಯಲ್ಲಿ ಅಂಟಿಕೊಂಡಿರುವ ಪುಟ್ಟ ಚೀಲವೇ ಪಿತ್ತಕೋಶ. ಅದರಲ್ಲಿ ಶೇಖರವಾಗುವ ಪಿತ್ತರಸವು ಗಟ್ಟಿಗೊಂಡು ಕಲ್ಲಾಗುವುದು ಅಪರೂಪದ ಸಂಗತಿಯೇನಲ್ಲ. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಾಣಿಸುತ್ತದೆ. ಒಡನೆಯೇ, ಇದು ಮುಂದೆ ಕ್ಯಾನ್ಸರಿಗೆ ತಿರುಗುವುದೇ ಎಂಬ ಆತಂಕವು ಮನೆಮಂದಿಯನ್ನೆಲ್ಲ ಆವರಿಸುತ್ತದೆ.

ಇಲ್ಲಿ ಲೆಕ್ಕವನ್ನು ಸರಿಯಾದ ದಿಕ್ಕಿನಿಂದ ಓದುವುದು ಅವಶ್ಯ. ಪಿತ್ತಕೋಶದ ಕ್ಯಾನ್ಸರ್ ಪೀಡಿತರಲ್ಲಿ ಬಹುತೇಕರಿಗೆ ಕಲ್ಲುಗಳಿರುತ್ತವೆ ಎಂಬುದು ನಿಜ. ಆದರೆ ಕಲ್ಲುಳ್ಳವರಲ್ಲಿ ಕ್ಯಾನ್ಸರಿಗೆ ತುತ್ತಾಗುವವರು ಸಾಮಾನ್ಯವಾಗಿ ನೂರಕ್ಕೆ ಒಬ್ಬರ ಆಸುಪಾಸು ಮಾತ್ರ. ಸಾಲ ಮುಳುಗಿಸಿದವರೆಲ್ಲರೂ ಸಾಲ ಪಡೆದವರೇ. ಹಾಗೆಂದು ಸಾಲ ಪಡೆದವರೆಲ್ಲರೂ ಮುಳುಗಿಸುವವರಲ್ಲ!

ಹಾಗಾದರೆ ಆ ನೂರರಲ್ಲಿ ಒಬ್ಬರು ಯಾರು? ಅದನ್ನು ಮುಂಚಿತವಾಗಿ ಗುರುತಿಸುವುದೇ ಸಂಶೋಧನೆಯ ಮುಖ್ಯ ಗುರಿಯಾಗಬೇಕು. 3 ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, 1 ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್, ಟೈಫಾಯಿಡ್ ಕ್ರಿಮಿಗಳ ದೀರ್ಘಕಾಲದ ವಾಸ, ಇವು ಅಪಾಯವನ್ನು ಹೆಚ್ಚಿಸುತ್ತವೆ. ಸ್ತ್ರೀಯರಲ್ಲಿ ಈ ರೋಗ ಅಧಿಕ. ದಕ್ಷಿಣ ಭಾರತಕ್ಕಿಂತ ಗಂಗಾನದಿಯ ಬಯಲಿನಲ್ಲಿ ಇದರ ಹಾವಳಿ ಬಹಳ ಹೆಚ್ಚು. ಸಾಸಿವೆ ಎಣ್ಣೆ, ಅಂತರ್ಜಲದ ಆರ್ಸೆನಿಕ್ ಮುಂತಾದವುಗಳ ಮೇಲೆ ಸಂಶಯವಿದೆ. ಅಂತಿಮ ತೀರ್ಮಾನ ಹೊರಬಿದ್ದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಸಂಶೋಧಕರು ಅಡುಗೆಯೆಣ್ಣೆ ಮತ್ತು ಆಹಾರಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಿದ್ದಾರೆ. ಊರು ಬದಲಾದಾಗ ನೀರು ಬದಲಾಗುತ್ತದೆ, ಕ್ರಮೇಣ ಅಡುಗೆಮನೆಯೂ ಬದಲಾಗುತ್ತದೆ. ಆದ್ದರಿಂದ ವಲಸೆ ಬಂದವರ ಆರೋಗ್ಯದ ದಾಖಲೆಗಳು ಇಂಥ ಶೋಧನೆಗೆ ಅಮೂಲ್ಯವಾದವು.

ಈ ರೋಗ ಹೆಚ್ಚಾಗಿರುವ ಚಿಲಿ ದೇಶದಲ್ಲಿ, 35ರಿಂದ 49 ವರ್ಷದೊಳಗಿನ ಕಲ್ಲುಳ್ಳವರಿಗೆ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ 2006ರಿಂದ ಸರಕಾರದ ಖಾತರಿಯಿದೆ. ಭಾರತವೂ ಅದನ್ನೇ ಅನುಸರಿಸಬೇಕೆ? ಮುಂಬಯಿಯಲ್ಲಿ 1990ರಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಆರಂಭಿಸಿದ ದರ್ಶಕ ನಳಿಗೆಯ ಶಸ್ತ್ರಚಿಕಿತ್ಸೆಯಿಂದ ಈ ಕಾರ್ಯ ಸುಲಭವಾಗಿದೆ. ಆದರೆ ಸುಲಭವೆಂಬ ಮಾತ್ರಕ್ಕೆ ಎಲ್ಲರಿಗೂ ಕತ್ತರಿ ಹಾಕುವುದು ವಿವೇಕವಲ್ಲ. ಪಿತ್ತನಾಳಕ್ಕೆ ಗಾಯವಾಗುವಂಥ ತೊಡಕುಗಳು, ವಿರಳವಾದರೂ, ಇದ್ದೇ ಇವೆ. ನೋವಿಲ್ಲದ ಕಲ್ಲುಳ್ಳವರನ್ನು, ವಿಶೇಷವಾಗಿ ಉತ್ತರ ಭಾರತದಲ್ಲಿ, ಹಲವು ವರ್ಷ ಅನುಸರಿಸಿ ನೋಡುವ ವಿಸ್ತೃತ ಅಧ್ಯಯನಗಳೇ ಇದಕ್ಕೆ ಉತ್ತರ ನೀಡಬಲ್ಲವು.

ಅಲ್ಲಿಯವರೆಗೆ ಜನಸಾಮಾನ್ಯರ ಕರ್ತವ್ಯವೇನು? ಶಸ್ತ್ರಚಿಕಿತ್ಸೆಯಾದ ಬಳಿಕ ಕಲ್ಲುಗಳನ್ನು ಪುಟ್ಟ ಶೀಷೆಯಲ್ಲಿ ಮನೆಗೆ ತಂದು ಬಂಧುಗಳಿಗೆ ತೋರಿಸುವವರುಂಟು. ಕಲ್ಲಿಗಿಂತ ಮುಖ್ಯವಾದುದು ಕಲ್ಲನ್ನು ಹೊತ್ತಿದ್ದ ಕೋಶ. ಅದನ್ನು ತಪ್ಪದೆ ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಿ, ವರದಿಯನ್ನು ಕೇಳಿ ಪಡೆಯಬೇಕು. ಎಷ್ಟೋ ವೇಳೆ ಅಡಗಿದ್ದ ಕ್ಯಾನ್ಸರ್ ಪತ್ತೆಯಾಗುವುದು ಅಲ್ಲಿಯೇ. ಮನೆಯ ಹೆಂಗಸರು ಬಲಪಕ್ಕೆಯ ನೋವನ್ನು "ಬರೀ ಗ್ಯಾಸು" ಎಂದು ಶುಂಠಿ ಕಷಾಯದಲ್ಲಿಯೇ ಕಳೆಯುವ ಅಭ್ಯಾಸ ನಿಲ್ಲಬೇಕು. ಪದೇ ಪದೇ ನೋವು, ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದರೆ ತಡಮಾಡಲಾಗದು.

ಬ್ಯಾಂಕಿನ ಪಾಸ್‌ಬುಕ್ಕನ್ನು ಜೋಪಾನ ಮಾಡುವ ಸಂಸಾರಗಳು ಸ್ಕ್ಯಾನ್ ವರದಿಗಳನ್ನೂ ಹಾಗೆಯೇ ಕಾಪಾಡಿದರೆ, ಸಂಶೋಧಕರು ಕೇಳಿದಾಗ ಸಂಕೋಚವಿಲ್ಲದೆ ಒದಗಿಸಿದರೆ, ಮುಂದಿನ ಪೀಳಿಗೆಯ ಅನೇಕ ಜೀವಗಳು ಉಳಿದಾವು.