ಒಂದೇ ಸೌಟಿನ ಎರಡು ಭರಣಿಗೆ ಹಾಕೆಡಿ

“ನಮ್ಮ ಮನೆ ಪಟಂಗಳ ತೆಕ್ಕೊಂಡು ಹೋಗಿ ಆರಿಂಗೆ ಎಂತ ಆಯೆಕ್ಕು?” ಕಂಪ್ಯೂಟರಿನ ಜಾಗ್ರತೆಯ ಸುದ್ದಿ ತೆಗದರೆ ಹೆಚ್ಚಿನೋರು ಹೇಳುದು ಇದನ್ನೇ. ಆನೂ ಹಾಂಗೇ ಹೇಳಿಗೊಂಡಿತ್ತಿದ್ದೆ. ಶುದ್ಧ ತಪ್ಪು ಅದು. ಕಳ್ಳಂಗೆ ನಿಂಗಳ ಪಟ ಬೇಡ. ಅದು ನಿಂಗೊಗೆ ಬೇಕು ಹೇಳಿ ಅವಂಗೆ ಗೊಂತಿದ್ದು. ನಮ್ಮ ಕಪಾಟಿಂಗೆ ಅವನ ಬೀಗ ಹಾಕಿ, ಬೀಗದ ಕೈಗೆ ಪೈಸೆ ಕೇಳ್ತ°. ಇದಕ್ಕೆ ರಾನ್ಸಮ್‌ವೇರ್ ಹೇಳ್ತವು.

ಎಂಗಳ ಮನೆಲಿ ಆದ್ದರ ಹೇಳ್ತೆ. ಮಗ° ರಜೆಲಿ ಬಂದಿಪ್ಪಗ, ಪೈಸೆ ಕೊಟ್ಟು ತೆಕ್ಕೊಳೆಕ್ಕಾದ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ‘ಕ್ರ್ಯಾಕ್’ ಹುಡ್ಕಿ ಧರ್ಮಕ್ಕೆ ಇಳುಶಿದ°. ಹಾಕುವ ಮದಲು ಆಂಟಿವೈರಸ್ ಬಂದ್ ಮಾಡೆಕ್ಕು ಹೇಳಿ ಅದರಲ್ಲೇ ಬರಕ್ಕೊಂಡಿತ್ತಡ. ಮಾಡಿದ°. ನಾಯಿಯ ಕಟ್ಟಿ ಹಾಕಿ ಬಾಗಿಲು ತೆಗದು ಮಡಗಿದ ಹಾಂಗಾತು. ಹೊತ್ತೋಪಗ ನೋಡಿರೆ ಒಂದು ಪಟವನ್ನೂ ತೆಗವಲೆ ಎಡಿತ್ತಿಲ್ಲೆ. ಎಲ್ಲಾ ಫೈಲುಗಳ ಹೆಸರಿಂಗೂ ಎಂತದೋ ಬಾಲ. ಪ್ರತಿ ಫೋಲ್ಡರಿಲ್ಲಿಯೂ ಒಂದು ಚೀಟಿ: 980 ಡಾಲರು ಕೊಡಿ, 72 ಗಂಟೆಯ ಒಳ ಕೊಟ್ಟರೆ ಅರ್ಧ ಸಾಕು. ಕಳ್ಳಂದುದೇ ಡಿಸ್ಕೌಂಟು!

“ಬ್ಯಾಕಪ್ ಇದ್ದನ್ನೆ” ಹೇಳಿದವು ಇವು. ಇತ್ತು, ಒಂದು ಹಾರ್ಡ್‌ಡಿಸ್ಕು. ಆದರೆ ವರ್ಷಗಟ್ಟಲೆ ಅದು ಕಂಪ್ಯೂಟರಿಂಗೆ ಸಿಕ್ಕುಸಿಯೇ ಇತ್ತು. ಅದಕ್ಕೂ ಬೀಗ ಬಿದ್ದತ್ತು. ಅತ್ತೆ ಹೇಳಿದ ಶೋಭಾನೆಗೊ, ಇಪ್ಪತ್ತಮೂರು ಹಾಡು, ಅದರಲ್ಲಿತ್ತು. ಅತ್ತೆ ಹೋಗಿ ನಾಲ್ಕು ವರ್ಷ ಆತು. ಇನ್ನು ಆರ ಹತ್ರೆ ಹೇಳ್ಸುದು?

ಎನಗೆ ಕೋಪ ಬಪ್ಪದು ಕಳ್ಳನ ಮೇಲೆ ಮಾತ್ರ ಅಲ್ಲ. “ಬ್ಯಾಕಪ್ ಮಾಡಿ” ಹೇಳಿ ಅಷ್ಟಕ್ಕೇ ನಿಲ್ಲುಸುತ್ತವರ ಮೇಲೂ ಇದ್ದು. ಯೇವಗಳೂ ಸಿಕ್ಕುಸಿ ಮಡಗಿದ್ದು ಬ್ಯಾಕಪ್ಪೇ ಅಲ್ಲ. ನಾವು ಹೆಮ್ಮಕ್ಕೊಗೆ ಇದರ ಆರೂ ಕಲಿಶೆಕ್ಕು ಹೇಳಿ ಇಲ್ಲೆ. ಮೆಡಿ ಉಪ್ಪಿನಕಾಯಿಯ ದೊಡ್ಡ ಭರಣಿಗೆ ವಸ್ತ್ರ ಕಟ್ಟಿ ಒಳ ಮಡುಗುತ್ತೆಯೊ°. ದಿನಕ್ಕೆ ಬೇಕಾದ್ದರ ಸಣ್ಣ ಭರಣಿಗೆ ತೆಗೆತ್ತೆಯೊ°. ಆರೋ ಚೆಂಡಿ ಸೌಟು ಹಾಕಿ ಸಣ್ಣದು ಹಾಳಾದರೂ ದೊಡ್ಡದು ಒಳಿತ್ತು. ಅದೇ ಸೌಟಿನ ಎರಡಕ್ಕೂ ಹಾಕಿರೆ ಎರಡೂ ಹೋವುತ್ತು. ಕ್ಲೌಡಿಲ್ಲಿ ಇದ್ದು ಹೇಳಿ ಧೈರ್ಯಲ್ಲಿ ಕೂಪೋರಿಂಗೂ ಒಂದು ಮಾತು: ಕಂಪ್ಯೂಟರಿನ ಫೋಲ್ಡರಿಂಗೇ ಜೋಡುಸಿದ ಕ್ಲೌಡಾದರೆ, ಇಲ್ಲಿ ಹಾಳಾದ ಫೈಲೇ ಅಲ್ಲಿಗೂ ಹೋಕು. ಹಳೆ ಪ್ರತಿಯ ಒಳಿಶಿ ಮಡುಗುವ ವೆವಸ್ಥೆ ಅದರಲ್ಲಿ ಇದ್ದೋ ನೋಡಿಗೊಳ್ಳಿ.

‘ಅಪ್‌ಡೇಟು ನಾಳೆ ಮಾಡುವ’ ಹೇಳುದುದೇ ಹೀಂಗಿಪ್ಪದೇ ಉದಾಸೀನ. 2017ರ ಮೇ ತಿಂಗಳಿಲ್ಲಿ ವಾನಾಕ್ರೈ ಬಂದು ಸುಮಾರು 150 ದೇಶಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗೊಕ್ಕೆ ಬೀಗ ಹಾಕಿತ್ತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳನ್ನೂ ಬಿಟ್ಟಿದಿಲ್ಲೆ. ಅದರ ತಡವ ಅಪ್‌ಡೇಟಿನ ಮೈಕ್ರೋಸಾಫ್ಟ್ ಮಾರ್ಚಿಲ್ಲೇ ಕೊಟ್ಟಿತ್ತು!

ಪೈಸೆ ಕೊಟ್ಟು ಬಿಡಿ ಹೇಳಿದೋರೂ ಇದ್ದವು. ಕೊಟ್ಟರೆ ಬೀಗದ ಕೈ ಸಿಕ್ಕಿಯೇ ಸಿಕ್ಕುಗು ಹೇಳಿ ಇಲ್ಲೆ. ಆ ಪೈಸೆಲಿ ಅವ° ನಾಳೆ ಇನ್ನೊಂದು ಮನೆಗೆ ಬೀಗ ಹಾಕುಗು. ಎಂಗೊ ಕೊಟ್ಟಿದಿಲ್ಲೆ. ಯುರೋಪಿನ ಪೋಲೀಸರು ಸೇರಿ 2016ರಲ್ಲಿ ಸುರು ಮಾಡಿದ ‘ನೋ ಮೋರ್ ರಾನ್ಸಮ್’ ಹೇಳ್ತ ಜಾಲತಾಣಲ್ಲಿ ಕೆಲವು ಬೀಗಕ್ಕೆ ಕೈ ಧರ್ಮಕ್ಕೇ ಸಿಕ್ಕುತ್ತು. ಎಂಗಳದ್ದಕ್ಕೆ ಸಿಕ್ಕಿದ್ದಿಲ್ಲೆ. ಮುಂದೆ ಸಿಕ್ಕಿರೂ ಸಿಕ್ಕುಗು ಹೇಳಿ ಬೀಗ ಬಿದ್ದ ಫೈಲುಗಳ ಬೇರೆ ತೆಗದು ಮಡಗಿದ್ದೆಯೊ°.

ಒಳುದ್ದು ನಾಲ್ಕು ಹಾಡು. ಹಿಂದೆ ಒಂದರಿ ಪೆನ್‌ಡ್ರೈವಿಲ್ಲಿ ಹಾಕಿ ಅತ್ತಿಗೆಗೆ ಕೊಟ್ಟಿತ್ತಿದ್ದೆ. ಸೀರೆಗಳ ಎಡೇಲಿ ಇತ್ತಡ. ಕಂಪ್ಯೂಟರಿನ ಪೂರ ಉದ್ದಿ, ವಿಂಡೋಸ್ ಹೊಸತ್ತಾಗಿ ಹಾಕಿದ ಮತ್ತೆಯೇ ಅದರ ಸಿಕ್ಕುಸಿದ್ದು. ಅತ್ತೆಯ ಸ್ವರ ಬಂದಪ್ಪಗ ಇವು ಎದ್ದು ಜೆಗಿಲಿಗೆ ಹೋದವು.

ಈಗ ಎಂಗಳಲ್ಲಿ ಎರಡು ಹಾರ್ಡ್‌ಡಿಸ್ಕು. ಒಂದು ಅತ್ತಿಗೆಯ ಮನೆಲಿ, ಒಂದು ಎನ್ನ ಕಪಾಟಿಲ್ಲಿ. ತಿಂಗಳು ತಿಂಗಳು ಸಂಕ್ರಾಂತಿ ದಿನ ಎನ್ನದರ ಸಿಕ್ಕುಸಿ, ಪ್ರತಿ ಮಾಡಿ, ಒಂದೆರಡು ಪಟ ತೆಗದು ನೋಡಿ, ವಯರು ಕಳಚಿ ಒಳ ಮಡುಗುತ್ತೆ. ಅತ್ತಿಗೆಯಲ್ಲಿಗೆ ಹೋಪಗ ಇದರ ಅಲ್ಲಿ ಮಡಗಿ ಅದರ ತತ್ತೆ. ಅರ್ಧ ಗಂಟೆಯ ಕೆಲಸ. ಕಂಪ್ಯೂಟರು ಕಲ್ತವೇ ಮಾಡೆಕ್ಕು ಹೇಳಿ ಎಂತ ಇಲ್ಲೆ.

ಇದರ ಓದಿಕ್ಕಿ ಎದ್ದು ಹೋಗಿ, ನಿಂಗಳ ಹಾರ್ಡ್‌ಡಿಸ್ಕು ಕಂಪ್ಯೂಟರಿಂಗೆ ಸಿಕ್ಕುಸಿಯೇ ಇದ್ದೋ ನೋಡಿ. ಇದ್ದರೆ ಈಗಳೇ ಕಳಚಿ. ಮಗ° ಬರಳಿ ಹೇಳಿ ಕಾಯೆಡಿ.