ಹಾಸನ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಅಂಗಡಿಹಳ್ಳಿ ಎಲ್ಲಿದೆ?

2025ರ ಫೆಬ್ರುವರಿಯಲ್ಲಿ, ಹಿಂದಿನ ಸರ್ಕಾರ ಆರಂಭಿಸಿದ್ದ ಹತ್ತು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಆರ್ಥಿಕ ಕಾರಣಕ್ಕಾಗಿ ಮುಚ್ಚಬೇಕೆಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಅಭಿಪ್ರಾಯಪಟ್ಟಾಗ, ಹೇಮಗಂಗೋತ್ರಿಯಲ್ಲಿರುವ ಹಾಸನ ವಿಶ್ವವಿದ್ಯಾಲಯವೂ ಆ ಪಟ್ಟಿಯಲ್ಲಿತ್ತು. ಮುಚ್ಚಬೇಕೆಂದವರು ಖಜಾನೆಯನ್ನು ತೋರಿಸಿದರು, ಉಳಿಯಬೇಕೆಂದವರು ಜಿಲ್ಲೆಯ ಸ್ವಾಭಿಮಾನವನ್ನು ಮುಂದಿಟ್ಟರು. ಅದೇ ಪಟ್ಟಿಯಲ್ಲಿ ಜೇನುಕುರುಬರು, ಯರವರು ವಾಸಿಸುವ ಕೊಡಗಿನ ಮತ್ತು ಸೋಲಿಗರ ನಾಡಾದ ಚಾಮರಾಜನಗರದ ವಿಶ್ವವಿದ್ಯಾಲಯಗಳೂ ಇದ್ದವೆಂಬುದು ಮಾತ್ರ ಎರಡೂ ಕಡೆಯ ವಾದದಲ್ಲಿ ಮುನ್ನೆಲೆಗೆ ಬರಲಿಲ್ಲ.

ಹಾಸನದ ಮಟ್ಟಿಗೆ ಈ ಲೋಪಕ್ಕೆ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯೇ ಸಾಕ್ಷಿ. ಅಲ್ಲಿನ ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಅಲೆಮಾರಿ ಮೂಲದ ಸಮುದಾಯ. ಅವರ ಮನೆಮಾತು ಗುಜರಾತಿಗೆ ಹತ್ತಿರವಾದ ವಾಗ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಹಕ್ಕಿ ಹಿಡಿಯುವ ಕಸುಬು ಕಳೆದುಕೊಂಡ ಈ ಜನ ಗಿಡಮೂಲಿಕೆಯ ಕೇಶತೈಲ ಮಾರುತ್ತ ಆಫ್ರಿಕಾದ ದೇಶಗಳವರೆಗೂ ಹೋಗಿಬಂದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದುದರಿಂದಷ್ಟೇ ಉಳಿದವರಿಗೆ ಅವರ ನೆನಪಾಯಿತು. ಹೆತ್ತವರು ತಿಂಗಳುಗಟ್ಟಲೆ ವ್ಯಾಪಾರಕ್ಕೆ ಹೋಗುವ, ಮಕ್ಕಳು ಕೆಲವೊಮ್ಮೆ ಜೊತೆಗೇ ಹೊರಡಬೇಕಾಗುವ ಕುಟುಂಬದಿಂದ ಬಂದ ವಿದ್ಯಾರ್ಥಿಗೆ ಶೇ. 75ರ ಹಾಜರಾತಿ ನಿಯಮ ಎಂತಹ ಗೋಡೆಯೆಂಬುದನ್ನು ಸೀಟು ಕೊಡಿಸುವ ಮೀಸಲಾತಿ ತಾನಾಗಿ ಅರಿಯಲಾರದು.

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಘಟಕ, ಅಂದರೆ ಮೀಸಲಾತಿ ಪಾಲನೆಯನ್ನೂ ದೂರುಗಳನ್ನೂ ನೋಡಿಕೊಳ್ಳುವ ಕಚೇರಿ, ಇದ್ದರೆ ಸಾಕೆನ್ನುವವರಿದ್ದಾರೆ. ಘಟಕ ಬೇಕು, ವಿದ್ಯಾರ್ಥಿವೇತನದ ಅರ್ಜಿಯೂ ಬೇಕು. ಆದರೆ ಅರ್ಜಿ ಹಾಕಲು ಬಂದವರನ್ನಷ್ಟೇ ಕಾಣಬಲ್ಲ ಕಚೇರಿಗೆ ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದ ಹುಡುಗಿ ಕಾಣುವುದಿಲ್ಲ. ಆಸ್ಟ್ರೇಲಿಯಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳ ಬೆಂಬಲವನ್ನೂ ಅವರ ಸಮುದಾಯಗಳೊಂದಿಗಿನ ಸಂಬಂಧವನ್ನೂ ನೋಡಿಕೊಳ್ಳಲು ಸಮಕುಲಪತಿ ದರ್ಜೆಯ ಹುದ್ದೆಯೇ ಇದೆ. ಹಾಸನಕ್ಕೆ ಅಷ್ಟು ದೊಡ್ಡ ಪದವಿ ಬೇಡ. ಬುಡಕಟ್ಟು ಸಮುದಾಯದಿಂದಲೇ ಬಂದ, ಹಾಡಿ ಮತ್ತು ಕಾಲೊನಿಗಳಿಗೆ ಹೋಗಿಬರುವ, ಹಾಜರಾತಿ ವಿನಾಯಿತಿಯಂತಹ ವಿಷಯದಲ್ಲಿ ಕುಲಸಚಿವರ ಮುಂದೆ ಅಧಿಕಾರದಿಂದ ಮಾತನಾಡಬಲ್ಲ ಒಬ್ಬ ಅಧಿಕಾರಿ ಸಾಕು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಪ್ರಥಮ ದರ್ಜೆ ಕಾಲೇಜುಗಳೂ ಆ ವ್ಯಕ್ತಿಯ ಸುತ್ತಾಟದೊಳಗೆ ಬರಬೇಕು.

ಸಮುದಾಯದೊಂದಿಗಿನ ಸಂಬಂಧವೆಂದರೆ ಬುಡಕಟ್ಟು ದಿನಾಚರಣೆಯ ವೇದಿಕೆಗೆ ಕರೆದು ಕುಣಿಸುವುದಲ್ಲ. ಸಂಶೋಧಕರು ಕಾಲೊನಿಗೆ ಹೋಗಿ ಮೂಲಿಕೆಯ ಹೆಸರು, ತಯಾರಿಕೆಯ ಕ್ರಮ ಬರೆದುಕೊಂಡು ಬಂದರೆ ಆ ಜ್ಞಾನದ ಒಡೆತನ ಯಾರದೆಂಬ ಪ್ರಶ್ನೆ ಏಳುತ್ತದೆ. 2002ರ ಜೀವವೈವಿಧ್ಯ ಕಾಯ್ದೆ ಸ್ಥಳೀಯ ಸಂಸ್ಥೆಗಳಲ್ಲಿ ನಿರ್ವಹಣಾ ಸಮಿತಿಗಳನ್ನು ರಚಿಸಿ ಸಾಂಪ್ರದಾಯಿಕ ತಿಳಿವಳಿಕೆಯನ್ನು ದಾಖಲಿಸಲು ಹೇಳುತ್ತದೆ. ಪ್ರಬಂಧಕ್ಕೆ ಅನುಮತಿ ಕೊಡುವ ಮುನ್ನ ಸಮುದಾಯದ ಲಿಖಿತ ಒಪ್ಪಿಗೆ ಕೇಳುವ ನಿಯಮವನ್ನು ವಿಶ್ವವಿದ್ಯಾಲಯ ತಾನೇ ಮಾಡಿಕೊಳ್ಳಬಹುದು, ಅದಕ್ಕೆ ಯಾವ ಅನುದಾನವೂ ಬೇಕಿಲ್ಲ.

ಹೊಸ ವಿಶ್ವವಿದ್ಯಾಲಯಗಳಿಗೆ ತಲಾ 2 ಕೋಟಿ ರೂಪಾಯಿ ಕೊಟ್ಟು ಹುಟ್ಟುಹಾಕಿದ ಸರ್ಕಾರವೂ, ಹಣವಿಲ್ಲವೆಂದು ಮುಚ್ಚಲು ಹೊರಟ ಸರ್ಕಾರವೂ ಈ ಸಮುದಾಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದೇ ತಪ್ಪನ್ನು ಎರಡು ತುದಿಯಿಂದ ಮಾಡಿವೆ. ಹಾಸನವನ್ನು ಮೈಸೂರು ವಿಶ್ವವಿದ್ಯಾಲಯಕ್ಕೆ ಮತ್ತೆ ಸೇರಿಸಿದರೆ ಅಂಗಡಿಹಳ್ಳಿಗೂ ವಿಶ್ವವಿದ್ಯಾಲಯಕ್ಕೂ ನಡುವಿನ ದಾರಿ ನೂರು ಕಿಲೋಮೀಟರಿಗೂ ಮೀರುತ್ತದೆ. ಹೇಮಗಂಗೋತ್ರಿಯನ್ನು ಉಳಿಸಬೇಕೆಂದು ಹೋರಾಡುವವರು ಸಿಂಡಿಕೇಟಿನ ಮುಂದೆ ಮೊದಲು ಇಡಬೇಕಾದ ಬೇಡಿಕೆ ಕಟ್ಟಡದ್ದಲ್ಲ, ಬುಡಕಟ್ಟು ಸಮುದಾಯದಿಂದ ಬಂದ ಆ ಅಧಿಕಾರಿಯ ಹುದ್ದೆಯದು.