ಮನೆವಾರ್ತೆ: ಮಕ್ಕಳ ಆಟದ ಸರ್ವರು

ಮಕ್ಕಳು ಬೀದಿಯಲ್ಲಿ ಆಡುವಾಗ ಅವರು ಯಾರ ಸಂಗಡ ಇರುವರೆಂಬುದನ್ನು ತಾಯಿಯು ಜಗುಲಿಯ ಮೇಲಿಂದಲೇ ನೋಡಬಹುದು. ಕಂಪ್ಯೂಟರಿನೊಳಗಣ ಆಟದ ಬಯಲು ಹಾಗೆ ಕಾಣದು. ಆದಕಾರಣ ಆ ಬಯಲನ್ನು ಮನೆಯಲ್ಲಿಯೇ ಏರ್ಪಡಿಸಿ, ಅದರ ಮೇಲ್ವಿಚಾರಣೆಯನ್ನು ಮನೆಯವರೇ ವಹಿಸುವ ಬಗೆಯನ್ನು ಈ ತಿಂಗಳು ವಿಚಾರಮಾಡೋಣ.

ಮೈನ್‌ಕ್ರಾಫ್ಟ್ ಎಂಬ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸ್ವೀಡನ್ ದೇಶದ ಮೊಜಾಂಗ್ ಸಂಸ್ಥೆಯು ಇದನ್ನು 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದಿತು; 2014ರಲ್ಲಿ ಆ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕಂಪೆನಿಯು ಕೊಂಡಿತು. ಚೌಕದ ಇಟ್ಟಿಗೆಗಳನ್ನು ಪೇರಿಸಿ ಮನೆ, ಸೇತುವೆ, ಊರುಗಳನ್ನು ಕಟ್ಟುವುದೇ ಇದರ ವಿನೋದ. ಹಲವರು ಒಂದೇ ಲೋಕದಲ್ಲಿ ಕೂಡಿ ಆಡಬೇಕಾದರೆ ಆ ಲೋಕವನ್ನು ಧರಿಸಿರುವ ಒಂದು ಕಂಪ್ಯೂಟರು ಬೇಕು. ಅದೇ ಸರ್ವರು. ಅದು ಸೆಕೆಂಡಿಗೆ 20 ಸಲ ಲೋಕದ ಲೆಕ್ಕವನ್ನು ಹಾಕುತ್ತ, ಯಾರು ಎಲ್ಲಿರುವರು, ಯಾವ ಇಟ್ಟಿಗೆ ಕದಲಿತು ಎಂಬುದನ್ನು ಎಲ್ಲರಿಗೂ ತಿಳಿಸುತ್ತದೆ. ಯಂತ್ರವು ದುರ್ಬಲವಾದರೆ ಲೆಕ್ಕವು ಹಿಂದೆ ಬಿದ್ದು ಆಟವು ತಡವರಿಸುವುದು.

ಏರ್ಪಾಡು ಅಷ್ಟೇನೂ ಕಷ್ಟವಲ್ಲ. ಆಟದ ಜಾವಾ ಆವೃತ್ತಿಗೆ ಬೇಕಾದ ಸರ್ವರಿನ ಕಡತವನ್ನು ಸಂಸ್ಥೆಯು ಬೆಲೆಯಿಲ್ಲದೆ ಕೊಡುತ್ತದೆ. ಅದನ್ನು ಪ್ರತ್ಯೇಕವಾದ ಫೋಲ್ಡರಿನಲ್ಲಿಟ್ಟು ನಡೆಯಿಸಿದರೆ, ಮೊದಲ ಸಲ ಒಪ್ಪಿಗೆಯ ಪತ್ರವೊಂದನ್ನು ಮುಂದಿಟ್ಟು ನಿಂತುಬಿಡುತ್ತದೆ. ಷರತ್ತುಗಳನ್ನು ಓದಿ ಒಪ್ಪಿಗೆಯನ್ನು ಬರೆದ ತರುವಾಯ ಮತ್ತೆ ನಡೆಯಿಸಿದರೆ ಹೊಸ ಲೋಕವೊಂದು ಹುಟ್ಟುವುದು. ಮನೆಯ ವೈಫೈಗೆ ಸೇರಿದ ಮಕ್ಕಳು ಕೂಡಲೇ ಅದನ್ನು ಹೊಗಬಹುದು.

ಹೊರಗಿನ ಗೆಳೆಯರೂ ಬರಬೇಕಾದರೆ ರೂಟರಿನಲ್ಲಿ 25565 ಎಂಬ ಸಂಖ್ಯೆಯ ಪೋರ್ಟನ್ನು ತೆರೆಯಬೇಕಾಗುತ್ತದೆ. ಇದು ಬೀದಿಯ ಬಾಗಿಲನ್ನು ತೆರೆದಂತೆಯೇ ಸರಿ, ಕಾವಲಿಲ್ಲದೆ ತೆರೆಯಲಾಗದು. ಹೆಸರು ಬರೆದವರನ್ನು ಮಾತ್ರ ಒಳಗೆ ಬಿಡುವ ವೈಟ್‌ಲಿಸ್ಟ್ ಎಂಬ ಪಟ್ಟಿಯೊಂದುಂಟು. ಅದು ತಾನಾಗಿ ಜಾರಿಯಲ್ಲಿರುವುದಿಲ್ಲ. ನಾವೇ ಜಾರಿಗೆ ತರಬೇಕು. ಬಂದವನ ಖಾತೆಯು ನಿಜವೇ ಎಂದು ಪರೀಕ್ಷಿಸುವ ಏರ್ಪಾಡನ್ನು ಯಾರು ಎಷ್ಟೇ ಕೇಳಿಕೊಂಡರೂ ನಿಲ್ಲಿಸಬಾರದು. ನಿಲ್ಲಿಸಿದರೆ ಒಬ್ಬನ ಹೆಸರಿನಲ್ಲಿ ಮತ್ತೊಬ್ಬನು ನುಸುಳುವನು. ಆಟಗಾರರನ್ನು ಹೊರಹಾಕುವ ಮತ್ತು ಲೋಕವನ್ನು ಮಾರ್ಪಡಿಸುವ ಅಧಿಕಾರವು ಒಬ್ಬಿಬ್ಬರಲ್ಲಿದ್ದರೆ ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಮಗುವು ಆರು ತಿಂಗಳು ಕುಳಿತು ಕಟ್ಟಿದ ಊರು ಒಂದು ಫೋಲ್ಡರಿನಲ್ಲಿ ಅಡಗಿದೆ. ನಡುವೆ ವಿದ್ಯುತ್ತು ಹೋಗಿ ಆ ಕಡತಗಳು ಕೆಟ್ಟರೆ ಊರು ಉಳಿಯದು. ಹಿರಿಯರಿಗೆ ಅದು ಬರಿಯ ಆಟವೆನಿಸಿದರೂ ಮಗುವಿನ ದುಃಖವು ಆಟದ್ದಲ್ಲ. ಆದುದರಿಂದ ಪ್ರತಿ ದಿನವೂ ಸರ್ವರನ್ನು ಕ್ರಮವಾಗಿ ನಿಲ್ಲಿಸಿದ ಮೇಲೆಯೇ ಯಂತ್ರವನ್ನು ಆರಿಸಬೇಕು. ವಾರಕ್ಕೊಮ್ಮೆಯಾದರೂ, ಮತ್ತು ಹೊಸ ಆವೃತ್ತಿಗೆ ಏರುವ ಮುನ್ನ ತಪ್ಪದೆ, ಸರ್ವರು ನಿಂತಿರುವಾಗ ಆ ಫೋಲ್ಡರಿನ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಬೇಕು. ಆ ಪ್ರತಿಯು ತೆರೆಯುವುದೋ ಇಲ್ಲವೋ ಎಂದು ಆಗಾಗ ತೆರೆದು ನೋಡುವುದೂ ಅವಶ್ಯ.

ಒಬ್ಬನು ಕಟ್ಟಿದ ಮನೆಯನ್ನು ಮತ್ತೊಬ್ಬನು ಕೆಡವಿದರೆ ಸರ್ವರು ಅದನ್ನು ಯಥಾವತ್ತಾಗಿ ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಹೊರತು ನ್ಯಾಯವನ್ನು ಹೇಳದು. ನ್ಯಾಯ ಹೇಳಬೇಕಾದವರು ಮನೆಯ ಹಿರಿಯರು. ವಾರಕ್ಕೊಂದು ಸಂಜೆ ಮಕ್ಕಳ ಪಕ್ಕದಲ್ಲಿ ಕುಳಿತು ಅವರ ಊರನ್ನು ನೋಡಿ ಬರುವವರಿಗೆ ಈ ಕಾರ್ಯವು ಭಾರವೆನಿಸದು.